ಹದಿನೈದು ದಿನದ ಶಿಬಿರ, ಮೂರು ನಿಮಿಷದ ಸಿನಿಮಾ

ಪ್ರಶ್ನೆ: ನನ್ನ ಮಗಳು ಒಂಬತ್ತನೇ ತರಗತಿ ಮುಗಿಸಿದ್ದಾಳೆ. ನಮ್ಮೂರಿನಲ್ಲಿ ಹದಿಹರೆಯದ ಮಕ್ಕಳಿಗಾಗಿ ಸಿನಿಮಾ ತಯಾರಿಕೆಯ 15 ದಿನಗಳ ಬೇಸಿಗೆ ಶಿಬಿರ ನಡೆಯಲಿದ್ದು, ಸೇರಲೇಬೇಕೆಂದು ಹಟ ಹಿಡಿದಿದ್ದಾಳೆ. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ ಇರುವುದರಿಂದ ಅವಳ ತಂದೆಗೆ ಮನಸ್ಸಿಲ್ಲ. ಕ್ಯಾಮೆರಾ ಕೊಡಿಸಬೇಕಾಗುತ್ತದೆಯೇ? ಇಷ್ಟು ದಿನಗಳಲ್ಲಿ ನಿಜಕ್ಕೂ ಏನಾದರೂ ಕಲಿಯುತ್ತಾಳೆಯೇ?
– ಒಬ್ಬ ತಾಯಿ, ವಿದ್ಯಾನಗರ, ದಾವಣಗೆರೆ

ಉತ್ತರ: ಕ್ಯಾಮೆರಾ ಬೇಡ, ಮನೆಯಲ್ಲಿರುವ ಮೊಬೈಲ್ ಸಾಕು. ಕಲಿಯುತ್ತಾಳೆಯೇ ಎಂಬುದು ಮಾತ್ರ ಆ 15 ದಿನಗಳಲ್ಲಿ ಸಂಕಲನಕ್ಕೆ, ಅಂದರೆ ಎಡಿಟಿಂಗ್‌ಗೆ, ಎಷ್ಟು ದಿನ ಇಟ್ಟಿದ್ದಾರೆ ಎನ್ನುವುದರ ಮೇಲೆ ನಿಂತಿದೆ. ಚಿತ್ರೀಕರಣದ ಸಂಭ್ರಮದಲ್ಲೇ ದಿನಗಳು ಕಳೆದು, ಕೊನೆಯ ರಾತ್ರಿ ಶಿಕ್ಷಕರೇ ಕುಳಿತು ತುಣುಕುಗಳನ್ನು ಜೋಡಿಸಿ, ಮರುದಿನ ಮಕ್ಕಳ ಹೆಸರಿನಲ್ಲಿ ಪ್ರದರ್ಶಿಸುವ ಶಿಬಿರವಾದರೆ ನಿಮ್ಮ ಮಗಳಿಗೆ ಸಿಗುವುದು ಗಾಜಿನ ಕಪಾಟಿಗೆ ಒಂದು ಪ್ರಮಾಣಪತ್ರ ಮಾತ್ರ.

ಹೀಗೇಕೆ ಹೇಳುತ್ತೇನೆಂದರೆ, ತೆಗೆದ ದೃಶ್ಯದಲ್ಲಿ ಏನು ತಪ್ಪಿದೆ ಎಂಬುದು ತೆಗೆಯುವಾಗ ತಿಳಿಯುವುದಿಲ್ಲ, ಜೋಡಿಸುವಾಗ ತಿಳಿಯುತ್ತದೆ. ನಿಮ್ಮ ಊರಿನ ಮಂಡಕ್ಕಿ ಭಟ್ಟಿಯನ್ನೇ ತೆಗೆದುಕೊಳ್ಳೋಣ. ಹುಡುಗಿ ಅಲ್ಲಿಗೆ ಹೋಗಿ, ಮಾಲೀಕರ ಮತ್ತು ಕೆಲಸಗಾರರ ಒಪ್ಪಿಗೆ ಪಡೆದು, ಹೊಗೆ ತುಂಬಿದ ಇಡೀ ಜಾಗವನ್ನು ಹತ್ತು ನಿಮಿಷ ಎಡೆಬಿಡದೆ ಚಿತ್ರಿಸಿಕೊಂಡು ಬರುತ್ತಾಳೆ ಎನ್ನಿ. ಸಂಕಲನಕ್ಕೆ ಕುಳಿತಾಗ ಬಿಸಿ ಮರಳಿನಲ್ಲಿ ಅಕ್ಕಿ ಅರಳುವುದನ್ನು ಹತ್ತಿರದಿಂದ ತೆಗೆದೇ ಇಲ್ಲ, ಜರಡಿ ಹಿಡಿದ ಕೈಗಳಿಲ್ಲ, ಆ ಕೈಗಳು ಯಾರವೋ ಅವರ ಮುಖವೂ ಇಲ್ಲ ಎಂದು ಗೊತ್ತಾಗುತ್ತದೆ. ಮರುದಿನ ಮತ್ತೆ ಹೋಗುತ್ತಾಳೆ. ಆ ಎರಡನೆಯ ಭೇಟಿಯಲ್ಲೇ ಸಿನಿಮಾ ಕಲಿಕೆ ಶುರುವಾಗುತ್ತದೆ. ಆದ್ದರಿಂದ ಚಿತ್ರೀಕರಣ, ಸಂಕಲನ, ಮತ್ತೆ ಚಿತ್ರೀಕರಣ ಎಂಬ ಕ್ರಮವಿದೆಯೇ, ಒಂದು ಕಂಪ್ಯೂಟರಿಗೆ ಎಷ್ಟು ಮಕ್ಕಳು ಎಂದು ಆಯೋಜಕರನ್ನು ಕೇಳಿ. ಮೂವರಿಗಿಂತ ಹೆಚ್ಚಾದರೆ ಉಳಿದವರು ನೋಡುತ್ತಾ ಕೂರುತ್ತಾರೆ, ಹುಡುಗಿಯರೇ ಹಾಗೆ ಕೂರುವುದು ಹೆಚ್ಚೆಂಬುದನ್ನೂ ಗಮನದಲ್ಲಿಡಿ.

ಮೊಬೈಲ್ ಸಾಕೆಂದೆನಾದರೂ ಒಂದು ತೊಡಕಿದೆ. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತನದ್ದು. ಹಳೆಯ ಟ್ಯೂಬ್‌ಲೈಟು ಅದಕ್ಕನುಗುಣವಾಗಿ ಸೆಕೆಂಡಿಗೆ 100 ಬಾರಿ ಮಿನುಗುತ್ತದೆ. ಅನೇಕ ಮೊಬೈಲುಗಳು ಸೆಕೆಂಡಿಗೆ 30 ಚೌಕಟ್ಟುಗಳಂತೆ, ಅಂದರೆ 30 ಬಿಡಿ ಚಿತ್ರಗಳಂತೆ, ಚಿತ್ರಿಸುವುದರಿಂದ, ಅಂಥ ಬೆಳಕಿನಲ್ಲಿ ಕೆಲವೊಮ್ಮೆ ಚಿತ್ರದ ಮೇಲೆ ಕಪ್ಪು ಪಟ್ಟಿಗಳು ಹರಿದಾಡುತ್ತವೆ. ಚೌಕಟ್ಟುಗಳನ್ನು 25ಕ್ಕೂ ಶಟರ್ ವೇಗವನ್ನು, ಅಂದರೆ ಪ್ರತಿ ಚೌಕಟ್ಟಿಗೆ ಬೆಳಕು ಬೀಳುವ ಅವಧಿಯನ್ನು, 1/50 ಸೆಕೆಂಡಿಗೂ ಇಟ್ಟರೆ ಸಮಸ್ಯೆ ತೀರುತ್ತದೆ. ಇದನ್ನು ಮೊದಲ ವಾರದಲ್ಲೇ ಹೇಳಿಕೊಡುವ ಶಿಕ್ಷಕರು ಕೈಯಾರೆ ಕೆಲಸ ಮಾಡಿದವರೆಂದು ನಂಬಬಹುದು. ಹಣ ಖರ್ಚು ಮಾಡಲೇಬೇಕೆನಿಸಿದರೆ ಅಂಗಿಗೆ ಸಿಕ್ಕಿಸುವ ಸಣ್ಣ ಮೈಕ್ ಕೊಡಿಸಿ. ಚಿತ್ರ ತುಸು ಮಸುಕಾದರೂ ಜನ ನೋಡುತ್ತಾರೆ, ಮಾತು ಕೇಳಿಸದಿದ್ದರೆ ಎದ್ದುಹೋಗುತ್ತಾರೆ. ನಡು ಮಧ್ಯಾಹ್ನ ಹೊರಗೆ ಚಿತ್ರೀಕರಣ ಇಟ್ಟಿದ್ದರೆ ಆಕ್ಷೇಪಿಸಿ. ಬಿಸಿಲಿನ ಬಾಧೆ ಒಂದೆಡೆಯಾದರೆ, ನೆತ್ತಿಯ ಮೇಲಿನ ಸೂರ್ಯ ಕಣ್ಣುಗಳ ಕೆಳಗೆ ನೆರಳು ಬೀಳಿಸಿ ಮುಖವನ್ನೇ ಕೆಡಿಸುತ್ತಾನೆ.

ಇನ್ನು ಎಸ್ಸೆಸ್ಸೆಲ್ಸಿಯ ವಿಷಯ. ಶಾಲೆ ತೆರೆಯುವ ಮೊದಲೇ ಶಿಬಿರ ಮುಗಿಯುವುದಾದರೆ ಓದಿಗೆ ತೊಂದರೆಯಿಲ್ಲ. ಮುಂದೆ ಇದನ್ನೇ ವೃತ್ತಿಯಾಗಿಸಿಕೊಳ್ಳಲು ಬಯಸಿದರೂ ಓದು ಬಿಡುವ ಮಾತೇ ಬರುವುದಿಲ್ಲ ಎಂದು ಅವಳ ತಂದೆಗೆ ತಿಳಿಸಿ: 1960ರಲ್ಲಿ ಆರಂಭವಾದ ಪುಣೆಯ ಚಲನಚಿತ್ರ ಸಂಸ್ಥೆಯ ನಿರ್ದೇಶನ, ಸಂಕಲನದ ಸ್ನಾತಕೋತ್ತರ ಕೋರ್ಸುಗಳಿಗೆ ಪದವಿ ಬೇಕೇ ಬೇಕು.

ಶುಲ್ಕ ಕಟ್ಟುವ ಮುನ್ನ ಹಿಂದಿನ ಶಿಬಿರದ ಮಕ್ಕಳು ಮಾಡಿದ ಎರಡು ಚಿತ್ರಗಳನ್ನು ತೋರಿಸುವಂತೆ ಕೇಳಿ, ಮಗಳೊಂದಿಗೆ ಕುಳಿತು ನೋಡಿ. ಎರಡೂ ಒಬ್ಬರೇ ಮಾಡಿದಂತೆ ನಯವಾಗಿದ್ದರೆ ಬೇರೆ ಶಿಬಿರ ಹುಡುಕುವುದು ಒಳ್ಳೆಯದು.