ತಗಡಿನ ಮೇಲೂ ಶಿಲ್ಪಿಯೇ

ಪ್ರಶ್ನೆ: ಕಲಾವಿದ ಕೃಷ್ಣಾ ರೆಡ್ಡಿಯವರು ಇಂಗ್ಲೆಂಡಿನ ಶಿಲ್ಪಿ ಹೆನ್ರಿ ಮೂರ್ ಅವರಂಥವರ ಬಳಿ ಕಲಿತೂ ಶಿಲ್ಪಕಲೆಯನ್ನು ಬಿಟ್ಟು, ಲೋಹದ ತಗಡಿನಲ್ಲಿ ಕೊರೆದ ಚಿತ್ರವನ್ನು ಕಾಗದಕ್ಕೆ ಅಚ್ಚೊತ್ತುವ ಮುದ್ರಣಕಲೆಗೆ ಹೊರಳಿದ್ದೇಕೆ? ಒಂದೇ ತಗಡಿನಿಂದ ಹಲವು ಬಣ್ಣ ಮೂಡಿಸುವ ಅವರ ವಿಧಾನವನ್ನೂ ತಿಳಿಸುವಿರಾ?
– ಓದುಗರೊಬ್ಬರು, ಧಾರವಾಡ

ಉತ್ತರ: ಅವರು ಶಿಲ್ಪಕಲೆಯನ್ನು ಬಿಟ್ಟರೆನ್ನುವುದನ್ನು ನಾನು ಒಪ್ಪಲಾರೆ. 1925ರಲ್ಲಿ ಚಿತ್ತೂರು ಸೀಮೆಯ ಹಳ್ಳಿಯೊಂದರಲ್ಲಿ ಹುಟ್ಟಿದ ರೆಡ್ಡಿಯವರು ಶಾಂತಿನಿಕೇತನದಲ್ಲಿ ನಂದಲಾಲ್ ಬೋಸರಿಂದ ಕಲಿತು, ಮದರಾಸಿನ ಕಲಾಕ್ಷೇತ್ರದಲ್ಲಿ ಕೆಲಕಾಲ ಕಲಾವಿಭಾಗವನ್ನು ನೋಡಿಕೊಂಡು, ಆಮೇಲೆ ಲಂಡನ್ನಿನಲ್ಲಿ ಮೂರ್, ಪ್ಯಾರಿಸ್ಸಿನಲ್ಲಿ ಓಸಿಪ್ ಜಾಡ್ಕಿನ್, ಮಿಲಾನಿನಲ್ಲಿ ಮರೀನೊ ಮರೀನಿ ಅವರ ಬಳಿ ಶಿಲ್ಪಾಭ್ಯಾಸ ಮಾಡಿದವರು. 1950ರ ದಶಕದಲ್ಲಿ ಪ್ಯಾರಿಸ್ಸಿನ ‘ಅಟೆಲಿಯೆ 17’ ಎಂಬ ಮುದ್ರಣಕಲೆಯ ಕಾರ್ಯಾಗಾರದಲ್ಲಿ ಅದರ ಸ್ಥಾಪಕ ಸ್ಟ್ಯಾನ್ಲಿ ವಿಲಿಯಂ ಹೇಟರ್ ಅವರ ಜೊತೆಗೂಡಿದಾಗ, ಉಳಿ ಹಿಡಿದು ಪಳಗಿದ ಆ ಕೈಗೆ ತಗಡೂ ಕೆತ್ತಬೇಕಾದ ವಸ್ತುವಾಗಿಯೇ ಒದಗಿತು.

ಅವರ ವಿಧಾನದ ಗುಟ್ಟಿರುವುದು ಅಲ್ಲಿಯೇ. ಸಾಮಾನ್ಯವಾಗಿ ಬಣ್ಣಕ್ಕೊಂದು ತಗಡು ಬೇಕಾಗುತ್ತದೆ. ರೆಡ್ಡಿಯವರಾದರೋ ಒಂದೇ ತಗಡನ್ನು ಆಮ್ಲದಿಂದಲೂ ಕೈಯುಪಕರಣಗಳಿಂದಲೂ ಬೇರೆ ಬೇರೆ ಆಳಕ್ಕೆ ಕೊರೆದು, ಅದನ್ನು ಏರುತಗ್ಗುಗಳ ಉಬ್ಬುಶಿಲ್ಪವನ್ನಾಗಿ ಮಾಡುತ್ತಿದ್ದರು. ಮೊದಲು ಗೀರುಗಳಿಗೆ ಶಾಯಿ ತುಂಬಿ ಮೇಲ್ಮೈಯನ್ನು ಒರೆಸಬೇಕು. ಅನಂತರ ಅಗಸೆ ಎಣ್ಣೆ ಬೆರೆಸಿ ತೆಳುವಾಗಿಸಿದ ಬಣ್ಣವನ್ನು ಗಟ್ಟಿ ರೋಲರಿನಿಂದ ಉರುಳಿಸಿದರೆ ಅದು ಎತ್ತರದ ಭಾಗಗಳಿಗೆ ಮಾತ್ರ ತಾಗುತ್ತದೆ. ಅದರ ಮೇಲೆ ಮಂದವಾದ ಇನ್ನೊಂದು ಬಣ್ಣವನ್ನು ಮೆತ್ತನೆಯ ರೋಲರಿನಿಂದ ಒತ್ತಿ ಉರುಳಿಸಿದಾಗ, ರೋಲರು ತಗ್ಗುಗಳಿಗೂ ಇಳಿದು ಅಲ್ಲಿ ಬಣ್ಣ ಬಿಡುತ್ತದೆ, ಆದರೆ ಎಣ್ಣೆ ಹೆಚ್ಚಿರುವ ಮೊದಲ ಪದರವು ಅದನ್ನು ಹತ್ತಿರ ಸೇರಿಸುವುದಿಲ್ಲ. ಹೀಗೆ ಬಣ್ಣಗಳು ಕಲಸಿಹೋಗದೆ ಪಕ್ಕಪಕ್ಕದಲ್ಲಿ ನಿಲ್ಲುವುದರಿಂದ, ಪ್ರೆಸ್ಸಿನಲ್ಲಿ ಒಮ್ಮೆ ಹಾಯಿಸಿದರೆ ಚಿತ್ರ ಸಿದ್ಧ. ವಿಸ್ಕಾಸಿಟಿ (ಎಂದರೆ ದ್ರವದ ಮಂದತೆ) ಮುದ್ರಣವೆಂದು ಹೆಸರಾದ ಈ ಕ್ರಮವನ್ನು ರೂಪಿಸಿದ ಕೀರ್ತಿ ಅವರೊಬ್ಬರದೇ ಅಲ್ಲ; ಭಾರತದವರೇ ಆದ ಕೈಕೊ ಮೋಟಿಯವರಿಗೂ ಅದರಲ್ಲಿ ಪಾಲಿದೆ.

ಪುಸ್ತಕದಲ್ಲಿ ಅಚ್ಚಾದ ಪ್ರತಿಗಳನ್ನಷ್ಟೇ ನೋಡಿದವರಿಗೆ ಈ ಶಿಲ್ಪಗುಣ ಕಾಣದಿದ್ದರೆ ಆಶ್ಚರ್ಯವಿಲ್ಲ. ಮೂಲ ಮುದ್ರಣದಲ್ಲಿ ಒದ್ದೆ ಕಾಗದವು ತಗಡಿನ ತಗ್ಗುಗಳಿಗೆ ಒತ್ತಿಕೊಂಡು ಉಬ್ಬಿರುತ್ತದೆ; ‘ವರ್ಲ್‌ಪೂಲ್’ ಎಂಬ ಕೃತಿಯ ಸುಳಿಯನ್ನು ಓರೆಬೆಳಕಿನಲ್ಲಿಟ್ಟು ನೋಡಬೇಕು. ಮುಂದೆ ಅವರು ನ್ಯೂಯಾರ್ಕಿನಲ್ಲಿ ನೆಲೆಸಿ, 2018ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿಯೇ ಇದ್ದರು. 1968ರ ಪ್ಯಾರಿಸ್ ವಿದ್ಯಾರ್ಥಿ ಚಳವಳಿಯನ್ನು ಕಂಡು ಅವರು ರಚಿಸಿದ ‘ಡೆಮಾನ್‌ಸ್ಟ್ರೇಟರ್ಸ್’ ಮುದ್ರಣವಾಗಿಯೂ ಇದೆ, ಶಿಲ್ಪವಾಗಿಯೂ ಇದೆ.