ಆಲ್ ಗ್ರೇನ್ ಬಿಯರ್‌ಗೆ ಎಂಥ ಕೂಲರ್ ತೆಗೆದುಕೊಳ್ಳಲಿ, ಅದಕ್ಕೆ ನಲ್ಲಿ ಹೇಗೆ ಕೂರಿಸಲಿ?

ಇಷ್ಟು ದಿನ ಎಕ್ಸ್‌ಟ್ರಾಕ್ಟ್ (ಮಾಲ್ಟಿನ ರಸ ಗಟ್ಟಿ ಮಾಡಿದ್ದು) ಕರಗಿಸಿ ಬಿಯರ್ ಮಾಡುತ್ತಿದ್ದೆ, ಇನ್ನು ಮಾಲ್ಟ್ ಕಾಳಿನಿಂದಲೇ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) 20 ಲೀಟರ್ ಮಾಡಬೇಕು ಅಂದಿದ್ದೀರಿ. ಮ್ಯಾಶ್ ಮಾಡಲು, ಅಂದರೆ ಕಾಳನ್ನು ಬಿಸಿನೀರಿನಲ್ಲಿ ನೆನೆಸಿ ಸಿಹಿ ಬಿಡಿಸಲು, ಕೂಲರ್ ದುಂಡಗಿರಬೇಕಾ, ಪೆಟ್ಟಿಗೆಯಂತಿರಬೇಕಾ, ಎಷ್ಟು ದೊಡ್ಡದು ಬೇಕು, ನಲ್ಲಿ ಹೇಗೆ ಕೂರಿಸುವುದು, ಇದು ನಿಮ್ಮ ಪ್ರಶ್ನೆ. ನಾನು ಇದುವರೆಗೆ ಮೂರು ಕೂಲರ್ ಕೊರೆದಿದ್ದೇನೆ. ಮೊದಲನೆಯದು ಕೊಳೆತು ಹೋಯಿತು, ಎರಡನೆಯದು ಚಿಕ್ಕದಾಯಿತು, ಮೂರನೆಯದು ಈಗಲೂ ಕೆಲಸ ಮಾಡುತ್ತಿದೆ. ಮೊದಲ ಎರಡರ ಕಥೆಯೇ ನಿಮಗೆ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಒಂದು ಮಾತು ಮರೆಯಬೇಡಿ. ಕೂಲರ್ ಅಂದರೆ ತಣ್ಣಗಿರುವುದನ್ನು ತಣ್ಣಗೇ ಇಡಲು ಮಾಡಿದ ಡಬ್ಬ. ನಾವು ಅದರೊಳಗೆ 67 ಡಿಗ್ರಿಯ ಗಂಜಿ ಸುರಿಯುತ್ತೇವೆ. ಮುಚ್ಚಳ, ಒಳಗಿನ ಪ್ಲಾಸ್ಟಿಕ್, ನಲ್ಲಿಯ ತೂತು, ಈ ಮೂರೂ ಕೈಕೊಡುವುದು ಅದಕ್ಕೇ. ದುಂಡಗೋ ಚೌಕವೋ ಅನ್ನುವ ಜಗಳ ಅಷ್ಟು ದೊಡ್ಡದಲ್ಲ.

ಮೊದಲು ಅಳತೆ. ಮಾಮೂಲಿ ಬಿಯರ್ 20 ಲೀಟರ್ ಆಗಬೇಕಾದರೆ ಸುಮಾರು 5 ಕೆಜಿ ಮಾಲ್ಟ್ ಬೇಕು. ಕೆಜಿಗೆ 3 ಲೀಟರ್ ಲೆಕ್ಕದಲ್ಲಿ 15 ಲೀಟರ್ ನೀರು. ನೀರಿನಲ್ಲಿ ಒಂದು ಕೆಜಿ ಕಾಳು ಮುಕ್ಕಾಲು ಲೀಟರಿಗಿಂತ ಸ್ವಲ್ಪ ಕಡಿಮೆ ಜಾಗ ಹಿಡಿಯುತ್ತದೆ. ಅಂದರೆ ಎಲ್ಲ ಸೇರಿ 18 ಲೀಟರ್ ದಾಟುತ್ತದೆ. ನನ್ನ ಎರಡನೇ ಕೂಲರ್ 19 ಲೀಟರಿನದು. ಮ್ಯಾಶ್ ಹಿಡಿಯಿತು, ಕಂಠಮಟ್ಟ. ಸೌಟು ಆಡಿಸಿದರೆ ಹೊರಗೆ ಚೆಲ್ಲುತ್ತಿತ್ತು. ಮೊದಲ ಸಿಹಿರಸ ಬಸಿದ ಮೇಲೆ, ಕಾಳಿನಲ್ಲಿ ಉಳಿದ ಸಿಹಿ ತೊಳೆದು ತೆಗೆಯಲು ಬಿಸಿನೀರು ಹಾಕುವಾಗ ಇನ್ನೂ ಫಜೀತಿ. ಒದ್ದೆ ಕಾಳೇ 8 ಲೀಟರಿನಷ್ಟು ಜಾಗ ತಿಂದು ಕೂತಿರುತ್ತದೆ, ಮೇಲೆ 16 ಲೀಟರ್ ಸುರಿಯಬೇಕು. ಒಂದೇ ಸಲಕ್ಕೆ ಆಗದೆ ಎರಡು ಸಲ ಮಾಡಬೇಕಾಯಿತು. ಸ್ವಲ್ಪ ಗಟ್ಟಿ ಬಿಯರ್ ಮಾಡೋಣ ಅಂತ 7 ಕೆಜಿ ಹಾಕುವ ಮಾತಂತೂ ಇಲ್ಲವೇ ಇಲ್ಲ. ಹಾಗಾಗಿ 35ರಿಂದ 40 ಲೀಟರ್ ತೆಗೆದುಕೊಳ್ಳಿ. ಮುಂದೆ ಬೇಕಾಗಬಹುದು ಅಂತ ಸುಮ್ನೆ 60, 70 ಲೀಟರಿಗೆ ಹೋಗಬೇಡಿ. ಅಷ್ಟೊಂದು ಜಾಗ ಖಾಲಿ ಇದ್ದರೆ ಆ ಗಾಳಿಯೇ ಬಿಸಿ ಎಳೆದುಕೊಳ್ಳುತ್ತದೆ, ಕಾಳೂ ತಳದಲ್ಲಿ ತೆಳ್ಳಗೆ ಹರಡಿಕೊಳ್ಳುತ್ತದೆ.

ಕಾಳಿನ ಹಾಸು ದಪ್ಪಗಿರಬೇಕು, ಯಾಕೆಂದರೆ ರಸ ಸೋಸುವುದು ಅದೇ. ಒಳಗೆ ನಲ್ಲಿಗೆ ಕಟ್ಟುವ ಜಾಲರಿ ತಡೆಯುವುದು ಕಾಳನ್ನು ಮಾತ್ರ, ಸಣ್ಣ ಪುಡಿಯನ್ನು ಹಿಡಿದಿಡುವುದು ಮಾಲ್ಟಿನ ಹೊಟ್ಟು. 38 ಲೀಟರಿನ ದುಂಡಗಿನ ಕೂಲರಿನಲ್ಲಿ ನಿಮ್ಮ 5 ಕೆಜಿಯ ಮ್ಯಾಶ್ ಹತ್ತಿರ ಹತ್ತಿರ ಒಂದು ಗೇಣು ಎತ್ತರ ನಿಲ್ಲುತ್ತದೆ. ಅಷ್ಟು ಸಾಕು. ಮೇಲಿನಿಂದ ನಿಧಾನಕ್ಕೆ ನೀರು ಬಿಡುತ್ತಾ ಕೆಳಗಿನಿಂದ ರಸ ತೆಗೆಯುವ ಆಸೆ ಇದ್ದರೆ ದುಂಡಗಿನದೇ ವಾಸಿ. ನನ್ನ ಹಾಗೆ ಪೂರ್ತಿ ಬಸಿದು, ಮತ್ತೆ ನೀರು ಹಾಕಿ ಕಲಕಿ, ಮತ್ತೆ ಬಸಿಯುವವರಿಗೆ ಪೆಟ್ಟಿಗೆಯೂ ನಡೆಯುತ್ತದೆ. ದುಂಡಗಿನದರಲ್ಲಿ ಕೆಳಗಡೆ ನಲ್ಲಿ ಮೊದಲೇ ಇರುವುದರಿಂದ ಡ್ರಿಲ್ ಹಿಡಿಯುವ ಕೆಲಸ ಕಡಿಮೆ. ನಿಮ್ಮ ಮನೆಯಲ್ಲಿ ಪೆಟ್ಟಿಗೆ ಆಗಲೇ ಇದ್ದರೆ ಹೊಸದು ಯಾಕೆ, ಅದನ್ನೇ ಬಳಸಿ.

ಕೊಳ್ಳುವಾಗ ಮುಚ್ಚಳವನ್ನು ಬೆರಳಿನಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಒಳಗೆ ಫೋಮ್ ಇಲ್ಲ, ಬರೀ ಗಾಳಿ. ಎಷ್ಟೋ ಕೂಲರುಗಳು ಹೀಗೇ ಇರುತ್ತವೆ. ಐಸ್ ಇಟ್ಟರೆ ತಣ್ಣನೆ ಗಾಳಿ ಕೆಳಗೇ ಕೂರುತ್ತದೆ, ಮುಚ್ಚಳ ಹೇಗಿದ್ದರೂ ನಡೆದುಹೋಗುತ್ತದೆ. ಬಿಸಿ ಮಾತ್ರ ಮೇಲಕ್ಕೇ ಹೋಗುತ್ತದೆ ಅಲ್ವಾ? ಮುಚ್ಚಳಕ್ಕೆ ಒಂದೆರಡು ಸಣ್ಣ ತೂತು ಮಾಡಿ ಉಬ್ಬುವ ಫೋಮ್ ಸ್ಪ್ರೇ ತುಂಬಿಸಬಹುದು. ಒಂದೇ ಸಲ ತುಂಬಿಸಿದರೆ ಮುಚ್ಚಳವೇ ಉಬ್ಬಿಕೊಳ್ಳುತ್ತದೆ, ಸ್ವಲ್ಪ ಸ್ವಲ್ಪವೇ ಹಾಕಿ. ನಾನು ಅದನ್ನೂ ಮಾಡಿಲ್ಲ. ಹಳೇ ಕಂಬಳಿ ನಾಲ್ಕು ಮಡಿಕೆ ಮಾಡಿ ಮೇಲೆ ಹೊದಿಸುತ್ತೇನೆ. ಒಂದು ಗಂಟೆಗೆ ಒಂದು ಡಿಗ್ರಿ ಇಳಿಯುತ್ತದೆ, ಅಷ್ಟೇ.

ಈಗ ನಲ್ಲಿ. ನನ್ನ ಮೊದಲ ಕೂಲರ್ ಸತ್ತಿದ್ದು ಇಲ್ಲೇ. ಜೊತೆಗೆ ಬಂದಿದ್ದ ಪ್ಲಾಸ್ಟಿಕ್ ನಲ್ಲಿ ಬಿಚ್ಚಿ ಅರ್ಧ ಇಂಚಿನ ಬಾಲ್ ವಾಲ್ವ್ (ಒಳಗೆ ತೂತಿರುವ ಗುಂಡು ತಿರುಗಿ ತೆರೆಯುವ ನಲ್ಲಿ) ಕೂರಿಸಿದೆ. ರಬ್ಬರ್ ವಾಷರ್ ಹೊರಗಡೆ ಹಾಕಿ ಜೋರಾಗಿ ಬಿಗಿದೆ. ನೀರು ತುಂಬಿಸಿ ನೋಡಿದರೆ ಹೊರಗೆ ಒಂದು ಹನಿ ಇಲ್ಲ. ನಾಲ್ಕನೇ ಸಲ ಬಿಯರ್ ಮಾಡಿ, ತೊಳೆದು, ಬೋರಲು ಹಾಕಲು ಎತ್ತಿದಾಗ ಯಾಕೋ ಭಾರ ಅನ್ನಿಸಿತು. ಅಲ್ಲಾಡಿಸಿದೆ. ಗೋಡೆಯೊಳಗೆ ಗುಳುಗುಳು ಸದ್ದು. ಆಮೇಲೆ ಮೂಗಿಗೆ ಹುಳಿ ವಾಸನೆ. ಹೊರಗೆ ಸೋರದೆ, ತೂತಿನ ಅಂಚಿನಿಂದ ಎರಡು ಗೋಡೆಗಳ ನಡುವಿನ ಫೋಮಿಗೆ ಸಿಹಿರಸ ಇಳಿದಿತ್ತು. ತಳಕ್ಕೆ ತೂತು ಹೊಡೆದು ಬಸಿದರೂ ಆ ವಾಸನೆ ಹೋಗಲೇ ಇಲ್ಲ.

ಆದ್ದರಿಂದ ನೀರು ತಡೆಯುವ ವಾಷರ್ ಒಳಗಡೆ ಇರಬೇಕು. ಸಿಲಿಕಾನಿನದೇ ಆಗಲಿ, ಮಾಮೂಲಿ ರಬ್ಬರ್ ಬಿಸಿಗೆ ವಾಸನೆ ಬಿಡುತ್ತದೆ. ಎರಡೂ ಕಡೆ ಥ್ರೆಡ್ ಇರುವ ಸ್ಟೇನ್‌ಲೆಸ್ ಸ್ಟೀಲ್ ನಿಪ್ಪಲ್ (ಗಿಡ್ಡ ಪೈಪ್ ತುಂಡು) ತೂತಿನಲ್ಲಿ ತೂರಿಸಿ. ಗೋಡೆಯ ದಪ್ಪ ಅಳೆದ ಮೇಲೆಯೇ ಅದರ ಉದ್ದ ಆರಿಸಿ. ಒಳಗಡೆ ಪ್ಲಾಸ್ಟಿಕ್ಕಿಗೆ ತಾಗುವಂತೆ ಸಿಲಿಕಾನ್ ವಾಷರ್, ಅದರ ಮೇಲೆ ಅಗಲವಾದ ಸ್ಟೀಲ್ ವಾಷರ್, ಅದರ ಮೇಲೆ ನಟ್. ಹೊರಗಡೆ ಸ್ಟೀಲ್ ವಾಷರ್ ಮತ್ತು ವಾಲ್ವ್. ಥ್ರೆಡ್ಡಿಗೆ ನಾಲ್ಕೈದು ಸುತ್ತು ಟೆಫ್ಲಾನ್ ಟೇಪ್. ಬಿಗಿಯುವುದು ಕೈಯಲ್ಲಿ ಎಷ್ಟಾಗುತ್ತದೋ ಅಷ್ಟು, ಸ್ಪ್ಯಾನರಿನಲ್ಲಿ ಇನ್ನು ಕಾಲು ಸುತ್ತು. ಅದಕ್ಕಿಂತ ಜಾಸ್ತಿ ತಿರುಗಿಸಿದರೆ ಗೋಡೆ ಒಳಕ್ಕೆ ಅಮುಕಿಕೊಂಡು ವಾಷರ್ ಓರೆಯಾಗುತ್ತದೆ, ಸೋರಿಕೆ ಶುರುವಾಗುವುದೇ ಆಗ.

ಮೊದಲು ತಣ್ಣೀರು ತುಂಬಿಸಿ ಒಂದು ಗಂಟೆ ಬಿಡಿ. ಆಮೇಲೆ 75 ಡಿಗ್ರಿ ನೀರು ತುಂಬಿಸಿ ಇನ್ನೊಂದು ಗಂಟೆ. ತಣ್ಣೀರಿಗೆ ಸೋರದ ಜೋಡಣೆ ಬಿಸಿಗೆ ಪ್ಲಾಸ್ಟಿಕ್ ಮೆತ್ತಗಾದಾಗ ಸೋರುವುದುಂಟು. ಬಿಸಿನೀರು ಖಾಲಿ ಮಾಡಿ ತಣ್ಣಗಾದ ಮೇಲೆ ನಟ್ ಬಿಚ್ಚಿ, ತೂತಿನ ಅಂಚಿನ ಫೋಮನ್ನು ಬೆರಳಿನಿಂದ ಮುಟ್ಟಿ ನೋಡಿ. ಒಣಗಿದ್ದರೆ ಗೆದ್ದಿರಿ.

ಒಳಗೆ ಸೋಸಲು ಏನು ಹಾಕುವುದು? ತೂತುಗಳಿರುವ ಸ್ಟೀಲ್ ತಟ್ಟೆ ಸಿಗುತ್ತದೆ, ಚೆನ್ನಾಗಿಯೇ ಇದೆ, ದುಂಡಗಿನ ಕೂಲರಿಗೆ ಮಾತ್ರ. ನನಗೆ ಇಷ್ಟ ಆಗಿದ್ದು ನೀರಿನ ಪೈಪಿನ ಮೇಲಿರುವ ಸ್ಟೀಲ್ ಹೆಣಿಗೆ. ವಾಶ್ ಬೇಸಿನ್ ಕೆಳಗೆ ಹಾಕುವ ಬಳುಕುವ ಪೈಪ್ ಇರುತ್ತದಲ್ಲ, ಅದರದು. ಎರಡೂ ತುದಿ ಕತ್ತರಿಸಿ ಒಳಗಿನ ಪ್ಲಾಸ್ಟಿಕ್ ಕೊಳವೆ ತೆಗೆಯಬೇಕು. ಎಲ್ಲರೂ ಮೊದಲು ಹೆಣಿಗೆಯನ್ನು ಹಿಡಿದು ಎಳೆಯುತ್ತಾರೆ. ಎಳೆದಷ್ಟೂ ಅದು ಕೊಳವೆಯನ್ನು ಬಿಗಿಯಾಗಿ ಅಪ್ಪಿಕೊಳ್ಳುತ್ತದೆ. ಉಲ್ಟಾ ಮಾಡಿ, ಎರಡೂ ಕಡೆಯಿಂದ ನಡುವಿಗೆ ತಳ್ಳಿ. ಹೆಣಿಗೆ ಉಬ್ಬಿ ಸಡಿಲವಾಗುತ್ತದೆ, ಕೊಳವೆ ತಾನಾಗಿಯೇ ಜಾರಿ ಬರುತ್ತದೆ. ಕೈಗವಸು ಹಾಕಿಕೊಳ್ಳಿ, ತಂತಿಯ ಎಳೆಗಳು ಸೂಜಿಯಂತೆ ಚುಚ್ಚುತ್ತವೆ. ಕೆಲವು ಪೈಪುಗಳಲ್ಲಿ ಸ್ಟೀಲಿನಂತೆ ಹೊಳೆಯುವ ಪ್ಲಾಸ್ಟಿಕ್ ಎಳೆ ಇರುತ್ತದೆ. ಕತ್ತರಿಸಿದ ಒಂದು ಎಳೆಗೆ ಬೆಂಕಿಕಡ್ಡಿ ಹಿಡಿಯಿರಿ, ಮುದುಡಿ ಕರಗಿದರೆ ಬಿಸಾಕಿ. ಹೆಣಿಗೆಯ ಒಂದು ತುದಿ ಮೂರು ಸಲ ಮಡಚಿ ಕ್ಲಿಪ್ ಹಾಕಿ, ಇನ್ನೊಂದು ತುದಿ ನಿಪ್ಪಲ್ಲಿಗೆ ಹೋಸ್ ಕ್ಲಿಪ್ಪಿನಲ್ಲಿ ಕಟ್ಟಿ. ಕಲಕುವಾಗ ಚಪ್ಪಟೆಯಾಗದಿರಲಿ ಅಂತ ಒಳಗೆ ಸ್ಟೀಲ್ ತಂತಿಯನ್ನು ಸ್ಪ್ರಿಂಗಿನಂತೆ ಸುತ್ತಿ ಇಟ್ಟಿದ್ದೇನೆ. ಹೊರಗೆ ರಸ ಹರಿಯುವ ಪೈಪ್ ಸಿಲಿಕಾನಿನದಾಗಲಿ, ಮಾಮೂಲಿ ಪಾರದರ್ಶಕ ಪೈಪ್ ಬಿಸಿಗೆ ಮೆತ್ತಗಾಗಿ ಮಡಚಿಕೊಳ್ಳುತ್ತದೆ.

ಜೋಡಿಸಿದ ಮೇಲೆ ನೀರು ಹಾಕಿ ನಲ್ಲಿ ತೆರೆಯಿರಿ. ನಿಂತ ಮೇಲೆ ತಳದಲ್ಲಿ ಉಳಿದ ನೀರನ್ನು ಅಳೆದು ಬರೆದಿಟ್ಟುಕೊಳ್ಳಿ. ಕಾಳು ಕುಡಿಯುವುದು ಕೆಜಿಗೆ ಸುಮಾರು ಒಂದು ಲೀಟರ್. ಹಾಕಿದ ನೀರಿನಲ್ಲಿ ಇವೆರಡನ್ನು ಕಳೆದರೆ ಕೈಗೆ ಬರುವ ರಸ ಎಷ್ಟು ಅಂತ ಮೊದಲೇ ಗೊತ್ತಾಗುತ್ತದೆ.

ಬಿಸಿಯ ವಿಷಯ ಚುಟುಕಾಗಿ ಹೇಳುತ್ತೇನೆ. ಮಾಲ್ಟಿನ ಎಂಜೈಮುಗಳು ಪಿಷ್ಟವನ್ನು ಸಕ್ಕರೆ ಮಾಡುವುದು 65ರಿಂದ 68 ಡಿಗ್ರಿಯ ಆಸುಪಾಸಿನಲ್ಲಿ. ಕೆಳಗಿದ್ದರೆ ಬಿಯರ್ ತೆಳುವಾಗಿ ಬರುತ್ತದೆ, ಮೇಲಿದ್ದರೆ ಬಾಯಿಗೆ ದಪ್ಪ ಅನ್ನಿಸುತ್ತದೆ. 25 ಡಿಗ್ರಿಯ ಕಾಳಿಗೆ ಕೆಜಿಗೆ 3 ಲೀಟರಿನಂತೆ ನೀರು ಹಾಕಿ 67ಕ್ಕೆ ಬರಬೇಕಾದರೆ ನೀರು 73ರ ಹತ್ತಿರ ಇರಬೇಕು. ತಣ್ಣಗಿರುವ ಕೂಲರ್ ಕೂಡ ಬಿಸಿ ಕುಡಿಯುತ್ತದೆ, ಅದನ್ನು ಈ ಲೆಕ್ಕ ಹಿಡಿಯುವುದಿಲ್ಲ. ನಾನು 78 ಡಿಗ್ರಿ ನೀರು ಸುರಿದು ಮುಚ್ಚಿಡುತ್ತೇನೆ. ಹತ್ತು ಹದಿನೈದು ನಿಮಿಷ ಬಿಟ್ಟು ಕಲಕಿ, ಥರ್ಮಾಮೀಟರ್ 73 ತೋರಿಸಿದಾಗ ಕಾಳು ಹಾಕುತ್ತೇನೆ. ಆಮೇಲೂ ಕಡಿಮೆ ಬಂದರೆ ಒಂದು ಲೀಟರ್ ಕುದಿಯುವ ನೀರು ಸುಮಾರು ಎರಡು ಡಿಗ್ರಿ ಏರಿಸುತ್ತದೆ. ಆದರೆ ಖಾಲಿ ಕೂಲರಿಗೆ ಕುದಿಯುವ ನೀರು ನೇರ ಸುರಿಯಬೇಡಿ, ಒಳಗಿನ ಪ್ಲಾಸ್ಟಿಕ್ ಅಲೆಅಲೆಯಾಗಿ ಏಳುತ್ತದೆ.

ರಸ ತೆಗೆಯುವಾಗ ನಲ್ಲಿ ಕಾಲುಭಾಗ ಮಾತ್ರ ತೆರೆಯಿರಿ. ಮೊದಲ ಎರಡು ಮೂರು ಲೀಟರ್ ಮಬ್ಬಾಗಿರುತ್ತದೆ, ಅದನ್ನು ನಿಧಾನಕ್ಕೆ ಮೇಲಿನಿಂದ ವಾಪಸ್ ಸುರಿಯಿರಿ. ಪೂರ್ತಿ ತೆರೆದರೆ ಕಾಳು ಜಾಲರಿಗೆ ಅಂಟಿ ಹರಿವೇ ನಿಂತುಬಿಡುತ್ತದೆ.

ಇಷ್ಟೆಲ್ಲ ಓದಿ ಸುಸ್ತಾಯಿತಾ? ಹಾಗಾದರೆ ಮೊದಲ ಸಲ ಏನನ್ನೂ ಕೊರೆಯಬೇಡಿ. ಕೂಲರಿನೊಳಗೆ ದೊಡ್ಡ ಬಲೆಬಟ್ಟೆಯ ಚೀಲ ಹರಡಿ, ಅದರಲ್ಲೇ ಮ್ಯಾಶ್ ಮಾಡಿ, ಗಂಟೆಯಾದ ಮೇಲೆ ಚೀಲ ಎತ್ತಿ ಬಸಿಯಿರಿ. 5 ಕೆಜಿ ಒದ್ದೆ ಕಾಳು 10 ಕೆಜಿ ತೂಗುತ್ತದೆ, ಇನ್ನೊಬ್ಬರು ಜೊತೆಗಿರಲಿ. ಬಿಯರ್ ಚೆನ್ನಾಗಿಯೇ ಬರುತ್ತದೆ. ಈ ಕೆಲಸ ನಿಮಗೆ ಹಿಡಿಸಿತು ಅಂತಾದ ಮೇಲೆ ಡ್ರಿಲ್ ತೆಗೆಯಬಹುದು.

ಇನ್ನೊಂದು, ಬಳಸಿದ ಕಾಳನ್ನು ರಾತ್ರಿಯಿಡೀ ಕೂಲರಿನಲ್ಲಿ ಬಿಡಬೇಡಿ. ಬೆಳಿಗ್ಗೆಗೆ ಹುಳಿ ವಾಸನೆ ಹಿಡಿದಿರುತ್ತದೆ. ತೊಳೆದು, ಮುಚ್ಚಳ ತೆಗೆದು, ವಾಲ್ವ್ ಅರ್ಧ ತೆರೆದೇ ಇಡಿ. ಪೂರ್ತಿ ತೆರೆದರೆ ಅಥವಾ ಪೂರ್ತಿ ಮುಚ್ಚಿದರೆ ಬಾಲಿನ ಹಿಂದೆ ಸ್ವಲ್ಪ ರಸ ಸಿಕ್ಕಿಕೊಂಡು ಒಣಗುತ್ತದೆ.