ಡೇಟಾ ನನ್ನದು, ಪೇಪರ್ ಗೈಡ್ ಬರೀತಾರಂತೆ. ಒಪ್ಪಲಾ?

ಪ್ರಯೋಗ ಎಲ್ಲಾ ನೀವೇ ಮಾಡಿದ್ದೀರಿ. ಈಗ ಗೈಡ್ 'ಡೇಟಾ ಕಳಿಸು, ಪೇಪರ್ ನಾನೇ ಬರೀತೀನಿ' ಅಂದಿದ್ದಾರೆ, ಸುಮ್ನೆ ಕೊಟ್ಟುಬಿಡಲಾ ಅಂತ ಕೇಳಿದ್ದೀರಿ. ಕೊಡಬೇಡಿ. ಆದರೆ ಜಗಳಕ್ಕೂ ನಿಲ್ಲಬೇಡಿ.

ನಾನೂ ಪಿಎಚ್‌ಡಿ ಮಾಡಿದವನೇ, ಈಗ ಮಾಡಿಸುತ್ತಿದ್ದೇನೆ. ಗೈಡ್ ಹೀಗೆ ಹೇಳಿದಾಗ ಅದರ ಹಿಂದೆ ದುರಾಸೆಗಿಂತ ಆತುರವೇ ಜಾಸ್ತಿ. ಪ್ರಾಜೆಕ್ಟಿನ ದುಡ್ಡು ಮುಗಿಯುತ್ತಾ ಬಂದಿರುತ್ತದೆ. ಅದೇ ವಿಷಯದ ಮೇಲೆ ಇನ್ನೊಂದು ಲ್ಯಾಬ್ ಕೆಲಸ ಮಾಡುತ್ತಿದೆ ಅನ್ನೋ ಸುದ್ದಿ ಕಿವಿಗೆ ಬಿದ್ದಿರುತ್ತದೆ. ವಿದ್ಯಾರ್ಥಿಯ ಡ್ರಾಫ್ಟ್ ತಿದ್ದೋ ಹೊತ್ತಿಗೆ ನಾನೇ ಬರೆದು ಮುಗಿಸಬಹುದಿತ್ತು ಅಂತ ನನಗೂ ಎಷ್ಟೋ ಸಲ ಅನ್ನಿಸಿದೆ.

ಆದರೂ ಮೊದಲ ಡ್ರಾಫ್ಟ್ ವಿದ್ಯಾರ್ಥಿಯದೇ ಆಗಿರಬೇಕು ಅಂತೀನಿ. ಬರೆಯೋದನ್ನು ಕಲಿಯಲಿ ಅಂತ ಮಾತ್ರ ಅಲ್ಲ. ನನ್ನ ವಿದ್ಯಾರ್ಥಿನಿಯೊಬ್ಬಳ ಗ್ರಾಫಿನಲ್ಲಿ ಒಂದು ದಿನದ ಅಳತೆಗಳೇ ಇರಲಿಲ್ಲ. ಅವತ್ತು ಇನ್‌ಕ್ಯುಬೇಟರ್ ಕೈಕೊಟ್ಟು ಬಿಸಿ ಏರಿತ್ತು, ಅದರೊಳಗಿದ್ದ ಪ್ರಯೋಗದ ಪ್ಲೇಟುಗಳನ್ನು ಅವಳು ಕೈಬಿಟ್ಟಿದ್ದಳು. ಇದು ಅವಳ ನೋಟ್‌ಬುಕ್ಕಿನಲ್ಲಿತ್ತು, ನನಗೆ ಕಳಿಸಿದ ಎಕ್ಸೆಲ್ ಶೀಟಿನಲ್ಲಿ ಇರಲಿಲ್ಲ. ಅವಳು ಬರೆದ, ಪ್ರಯೋಗ ಹೇಗೆ ಮಾಡಿದೆ ಅಂತ ವಿವರಿಸೋ ಮೆಥಡ್ಸ್‌ನಲ್ಲಿ ಅದಕ್ಕೆ ಒಂದೇ ಒಂದು ಸಾಲು. ನಾನೇ ಬರೆದಿದ್ದರೆ ಆ ಸಾಲು ಎಲ್ಲಿಂದ ಬರಬೇಕು? ಡೇಟಾ ಯಾಕೆ ಬಿಟ್ಟಿರಿ ಅಂತ ಪತ್ರಿಕೆಯ ಪರವಾಗಿ ಪೇಪರ್ ಪರಿಶೀಲಿಸೋ ರಿವ್ಯೂವರ್ ಕೇಳಿದ್ದರೆ ಉತ್ತರ ಕೊಡೋಕೆ ತಡವರಿಸಬೇಕಿತ್ತು.

ಇನ್ನು ಹೆಸರಿನ ವಿಚಾರ. ಯಾರು ಬರೆದರು, ಯಾರ ಹೆಸರು ಇರಬೇಕು ಅನ್ನೋದು ಎರಡು ಬೇರೆ ಪ್ರಶ್ನೆ. 'ನೀನು ಬರೆದಿಲ್ಲ, ಹಾಗಾಗಿ ಆಥರ್ ಅಲ್ಲ' ಅಂತ ಯಾರಾದರೂ ಅಂದರೆ ಒಪ್ಪಬೇಡಿ. ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ ಆಥರ್ ಆಗೋಕೆ 4 ಷರತ್ತು ಇಟ್ಟಿದೆ, ಅದರಲ್ಲಿ ಬರೆಯೋದು ಅಥವಾ ತಿದ್ದೋದೂ ಒಂದು, ನಿಜ. ಆದರೆ ಸಂಶೋಧನೆಯಲ್ಲಿ ಮುಖ್ಯ ಪಾಲು ಇರುವವರಿಗೆ ಬರೆಯೋ, ತಿದ್ದೋ ಅವಕಾಶ ಕೊಡಲೇಬೇಕು, ಅದನ್ನು ತಪ್ಪಿಸಿ ಹೆಸರು ಕೈಬಿಡುವಂತಿಲ್ಲ ಅಂತಲೂ ಅದೇ ಸಮಿತಿ ಹೇಳುತ್ತದೆ. ಈಗ ಬಹಳ ಪತ್ರಿಕೆಗಳು ಯಾರು ಏನು ಮಾಡಿದರು ಅಂತ ಕ್ರೆಡಿಟ್ (CRediT) ಅನ್ನೋ 14 ಪಾತ್ರಗಳ ಪಟ್ಟಿ ತುಂಬಿಸುತ್ತವೆ. ಅದರಲ್ಲಿ ಮೊದಲ ಡ್ರಾಫ್ಟ್ ಬರೆದವರಿಗೆ ಒಂದು ಪಾತ್ರ, ತಿದ್ದಿದವರಿಗೆ ಇನ್ನೊಂದು. ಗೈಡ್ ಜೊತೆ ಮಾತಾಡೋ ಮೊದಲು ಆ ಪಟ್ಟಿ ನೋಡಿಕೊಳ್ಳಿ. ಗಣಿತದಲ್ಲಿ ಹೆಸರುಗಳು ಸಾಮಾನ್ಯವಾಗಿ ಅಕಾರಾದಿಯಲ್ಲೇ ಬರುತ್ತವೆ, ಯಾರ ಹೆಸರು ಮೊದಲು ಅನ್ನೋ ಫಸ್ಟ್ ಆಥರ್ ಗಲಾಟೆ ಅಲ್ಲಿ ಅಷ್ಟಿಲ್ಲ. ನಿಮ್ಮದು ಲ್ಯಾಬ್ ವಿಷಯ, ಇಲ್ಲಿ ಇದೆ.

ಪತ್ರಿಕೆಯವರು ತೀರ್ಪು ಕೊಡುತ್ತಾರೆ ಅಂತ ಮಾತ್ರ ಕಾಯಬೇಡಿ. ಯಾರು ಆಥರ್ ಅನ್ನೋ ಜಗಳ ಬಿಡಿಸೋದು ಸಂಪಾದಕರ ಕೆಲಸ ಅಲ್ಲ, ಅವರು ಅದನ್ನು ನಿಮ್ಮ ಸಂಸ್ಥೆಗೇ ದಾಟಿಸುತ್ತಾರೆ.

ಹಾಗಾಗಿ ಈಗಲೇ ಒಂದು ಮೇಲ್ ಹಾಕಿ. 'ಸರ್, ಮೆಥಡ್ಸ್, ರಿಸಲ್ಟ್ಸ್ ನಾನು ಬರೆದು ಇಂಥ ತಾರೀಕಿಗೆ ಕೊಡುತ್ತೇನೆ. ಇಂಟ್ರೊಡಕ್ಷನ್ ನೀವು ಶುರು ಮಾಡಿದರೆ ಬೇಗ ಮುಗಿಯುತ್ತದೆ. ಟ್ರ್ಯಾಕ್ ಚೇಂಜಸ್ ಆನ್ ಮಾಡಿ ತಿದ್ದಿಕೊಡಿ. ಹೆಸರುಗಳ ಕ್ರಮ ಈಗಲೇ ಮಾತಾಡಿಕೊಳ್ಳೋಣವಾ?' ಇಷ್ಟು ಸಾಕು. ತಾರೀಕು ನೀವು ಹೇಳಿದ್ದು ಅಂದಮೇಲೆ ಆ ದಿನಕ್ಕೆ ಕೊಡಿ. ಡ್ರಾಫ್ಟ್ ಚೆನ್ನಾಗಿಲ್ಲದಿದ್ದರೂ ಪರವಾಗಿಲ್ಲ, ಅದನ್ನು ತಿದ್ದೋಕೆ ತಾನೇ ಗೈಡ್ ಇರೋದು.